ಆಪತ್ಕಾಲದ ವಾಕ್ಯ: ಒಂದು ವಿಮರ್ಶೆ

ವಿಮರ್ಶೆಯೆಂದ ಕೂಡಲೆ ಈ ಪತ್ರಿಕೆಯ ವಾಚಕರು ಹೊಸದಾಗಿ ಅಚ್ಚಾದ ಒಂದು ಕಾವ್ಯವನ್ನೋ ಕಾದಂಬರಿಯನ್ನೋ ನಿರೀಕ್ಷಿಸುವದು ಸಹಜ. ಈ ತಿಂಗಳು ನಾನು ಕೈಗೆತ್ತಿಕೊಂಡಿರುವ ಕೃತಿಗೆ ಕವಿಯ ಹೆಸರಿಲ್ಲ, ರಟ್ಟಿಲ್ಲ, ಬೆಲೆಯಿಲ್ಲ. ಅದರ ಗಾತ್ರವು ನಾಲ್ಕಾರು ಸಾಲು ಮಾತ್ರ. ಆದರೆ ಒಂದೇ ಗಳಿಗೆಯಲ್ಲಿ ಅದಕ್ಕೆ ದೊರೆಯುವಷ್ಟು ವಾಚಕರು ನಮ್ಮ ಯಾವ ಮಹಾಕವಿಗೂ ದೊರೆತಿರಲಾರರು. ಆಪತ್ತಿನ ಸಮಯದಲ್ಲಿ ಸರಕಾರವು ನಮ್ಮ ಮೊಬೈಲುಗಳಿಗೆ ಕಳಿಸುವ ಎಚ್ಚರಿಕೆಯ ವಾಕ್ಯವೇ ಆ ಕೃತಿ. ಇದೂ ಸಾಹಿತ್ಯವೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಶಬ್ದವೂ ಅರ್ಥವೂ ಕೂಡಿದಲ್ಲೆಲ್ಲ ವಿಮರ್ಶಕನಿಗೆ ಕೆಲಸವುಂಟು. ಕಾವ್ಯದಲ್ಲಿ ದೋಷವಿದ್ದರೆ ರಸಭಂಗವಾದೀತು. ಈ ವಾಕ್ಯದಲ್ಲಿ ದೋಷವಿದ್ದರೆ ಪ್ರಾಣಹಾನಿಯಾದೀತು.

2023ನೆಯ ಇಸವಿ ಅಕ್ಟೋಬರ 12, ಗುರುವಾರ. ಹೊತ್ತು ಮಧ್ಯಾಹ್ನಕ್ಕೆ ಸಮೀಪಿಸಿತ್ತು. ಬೆಳಗಾವಿಯ ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಪುಸ್ತಕ ಹಿಡಿದು ಕುಳಿತಿದ್ದೆ. ಮನೆಯೊಳಗಿನ ಮೊಬೈಲುಗಳು ಒಮ್ಮೆಲೆ ಕರ್ಕಶವಾಗಿ ಕೂಗತೊಡಗಿದವು. ನೆರೆಮನೆಯಿಂದಲೂ ಅದೇ ಕೂಗು ಕೇಳಿಬಂತು. ಭಾಂಡೆ ತಿಕ್ಕಲು ಬರುವ ಹೆಣ್ಣುಮಗಳು ಒದ್ದೆ ಕೈಯಲ್ಲಿಯೇ ತನ್ನ ಮೊಬೈಲನ್ನು ದೂರ ಹಿಡಿದುಕೊಂಡು ಬಂದು, “ಗುರುಗಳ, ಇದೇನ್ ಬಂದೈತಿ ನೋಡ್ರಿ” ಎಂದಳು. ಕನ್ನಡಕವನ್ನು ಹುಡುಕಿ, ಏರಿಸಿ, ಓದಿ, “ಏನಿಲ್ಲವ್ವಾ, ಇದು ಬರೇ ಪರೀಕ್ಷಾ. ನೀ ಏನೂ ಮಾಡಬೇಕಾಗಿಲ್ಲ” ಎಂದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, “ಏನೂ ಮಾಡೂದಿಲ್ಲಂದ್ರ ಹಿಂಗ್ಯಾಕ ಹೊಯ್ಕೊಳ್ಳಾಕ ಹತ್ತೈತ್ರಿ?” ಎಂದು ಕೇಳಿದಳು. ಮೂವತ್ತು ವರ್ಷಕ್ಕೆ ಮಿಕ್ಕಿ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನನಗೆ ಆಗ ಉತ್ತರ ತೋಚಲಿಲ್ಲ. ಈ ಲೇಖನವು ಆ ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲು ವಸ್ತುಸ್ಥಿತಿಯನ್ನು ಹೇಳಬೇಕು. ಅಂದು ಕರ್ನಾಟಕದಲ್ಲಿ ನಡೆದದ್ದು ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆಯೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಕೂಡಿ ನಡೆಸಿದ ಪರೀಕ್ಷೆ. ಆ ವರ್ಷ ಬೇರೆ ರಾಜ್ಯಗಳಲ್ಲಿಯೂ ಅಂಥ ಪರೀಕ್ಷೆಗಳು ನಡೆದವು. ಇದರ ತಂತ್ರಕ್ಕೆ ಸೆಲ್ ಬ್ರಾಡ್‌ಕಾಸ್ಟ್ ಎಂದು ಹೆಸರು. ನಾವು ದಿನವೂ ಕಾಣುವ ಎಸ್ಸೆಮ್ಮೆಸ್ಸು ಅಂಚೆಯವನಂತೆ. ಒಂದೊಂದು ಸಂಖ್ಯೆಯನ್ನು ನೋಡಿ ಒಂದೊಂದು ಬಾಗಿಲಿಗೆ ಹೋಗುವದು, ಗದ್ದಲವಾದರೆ ತಡವಾಗುವದು. ಸೆಲ್ ಬ್ರಾಡ್‌ಕಾಸ್ಟಿಗೆ ಯಾರ ಸಂಖ್ಯೆಯೂ ಬೇಕಿಲ್ಲ. ಆಯ್ದುಕೊಂಡ ಪ್ರದೇಶದ ಗೋಪುರಗಳು ಒಮ್ಮೆ ಸಾರುವವು; ಅವುಗಳ ಧ್ವನಿಯ ಅಳವಿನಲ್ಲಿ ಆ ಹೊತ್ತಿಗೆ ಯಾರಿದ್ದಾರೋ, ಊರವನಿರಲಿ ದಾರಿಹೋಕನಿರಲಿ, ಅವರೆಲ್ಲರಿಗೂ ಒಂದೇ ಕಾಲಕ್ಕೆ ಸುದ್ದಿ ಮುಟ್ಟುವದು.

ಇದನ್ನು ಕೇಳಿದಾಗ ನನಗೆ ಹೊಸತೇನೂ ಅನಿಸಲಿಲ್ಲ. ಇದು ಡಂಗುರವೇ. ಖಾನಾಪುರ ತಾಲೂಕಿನ ನನ್ನ ಹುಟ್ಟೂರಿನಲ್ಲಿ, ನಾನು ಸಣ್ಣವನಿದ್ದಾಗ, ತಳವಾರನು ಹಲಗೆ ಬಾರಿಸುತ್ತ ಓಣಿಯ ಮೂಲೆಗೆ ಬಂದು ನಿಲ್ಲುವನು. ಹಲಗೆಯ ಸದ್ದಿಗೆ ಮಂದಿ ಹೊಸ್ತಿಲಿಗೆ ಬರುವರು. ಮಳೆಗಾಲದ ಒಂದು ಸಂಜೆ ಅವನು ಕೂಗಿದ್ದು ನನ್ನ ನೆನಪಿನಲ್ಲಿದೆ: “ಹೊಳಿ ಬರಾಕ ಹತ್ತೈತಿ. ದನಾ ಬಿಚ್ಚ್ರಿ. ಮ್ಯಾಲಿನ ಗುಡಿಗೆ ನಡೀರಿ.” ಮೂರು ವಾಕ್ಯ, ಮೂರು ಕ್ರಿಯಾಪದ. ಮೊದಲನೆಯದು ಕಾರಣ, ಎರಡನೆಯದು ಕೆಲಸ, ಮೂರನೆಯದು ದಿಕ್ಕು. ಅವನು ಸಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ವಾಕ್ಯಲಕ್ಷಣವನ್ನು ಪಾಠಶಾಲೆಯಲ್ಲಿ ಕಲಿತ ಮೇಲೆ ನನಗೆ ಅವನ ಮಾತಿನಲ್ಲಿ ಕುಂದು ಕಾಣಲಿಲ್ಲ. ಹೊಸ ಡಂಗುರಕ್ಕೆ ಲಕ್ಷಾಂತರ ಹಲಗೆಗಳು ದೊರೆತಿವೆ. ಆ ತಳವಾರನ ಮಾತು ದೊರೆತಿದೆಯೇ ಎಂಬುದೇ ಪ್ರಕೃತ ಪ್ರಶ್ನೆ.

ವಾಕ್ಯದಿಂದ ಅರ್ಥಬೋಧೆಯಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು, ತಾತ್ಪರ್ಯವನ್ನು ಕೂಡಿಸಿಕೊಂಡರೆ ನಾಲ್ಕು ಕಾರಣಗಳನ್ನು ನಮ್ಮ ಶಾಸ್ತ್ರಕಾರರು ಹೇಳಿರುವರು. ಈ ಒರೆಗಲ್ಲಿನ ಮೇಲೆ ಉಜ್ಜಲು ಒಂದು ವಾಕ್ಯ ಬೇಕಷ್ಟೆ. ಮಳೆಗಾಲದಲ್ಲಿ ನಾವೆಲ್ಲರೂ ಓದುತ್ತ ಬಂದಿರುವ ಎಚ್ಚರಿಕೆಗಳ ಅಚ್ಚು ಹೆಚ್ಚುಕಡಿಮೆ ಹೀಗಿರುವದು: “ಜಲಾಶಯದ ಹೊರಹರಿವಿನ ಪ್ರಮಾಣ ಹೆಚ್ಚಿರುವ ಹಿನ್ನೆಲೆಯಲ್ಲಿ ನದಿ ಪಾತ್ರದ ಜನರು ಎಚ್ಚರಿಕೆಯಿಂದಿರಲು ಹಾಗೂ ಸುರಕ್ಷಿತ ಸ್ಥಳಗಳಿಗೆ ತೆರಳಲು ಕೋರಲಾಗಿದೆ.” ಇದು ಯಾವದೊಂದು ಕಚೇರಿಯ ಮಾತಲ್ಲ, ಹಲವು ಮಾತುಗಳನ್ನು ಕಂಡು ನಾನು ತೆಗೆದ ಪಡಿಯಚ್ಚು. ವಾಚಕರು ತಮ್ಮ ನೆನಪಿನೊಡನೆ ಇದನ್ನು ಹೋಲಿಸಿಕೊಳ್ಳಲಿ.

ಆಕಾಂಕ್ಷೆಯೆಂದರೆ ಒಂದು ಪದವನ್ನು ಕೇಳಿದೊಡನೆ ಮತ್ತೊಂದು ಪದಕ್ಕಾಗಿ ಹುಟ್ಟುವ ಅಪೇಕ್ಷೆ. ‘ತೆರಳಿರಿ’ ಎಂದ ಕೂಡಲೆ ಯಾರು, ಯಾವಾಗ, ಎಲ್ಲಿಂದ, ಎಲ್ಲಿಗೆ ಎಂಬ ನಾಲ್ಕು ಅಪೇಕ್ಷೆಗಳು ಬಾಯಿ ತೆರೆದು ನಿಲ್ಲುವವು. ಮೇಲಿನ ವಾಕ್ಯದಲ್ಲಿ ‘ಯಾವಾಗ’ ಎಂಬುದಕ್ಕೆ ಉತ್ತರವೇ ಇಲ್ಲ. ‘ಎಲ್ಲಿಗೆ’ ಎಂಬುದಕ್ಕೆ ಸುರಕ್ಷಿತ ಸ್ಥಳಕ್ಕೆ ಎಂಬ ಉತ್ತರವುಂಟು; ಆದರೆ ಸುರಕ್ಷಿತ ಸ್ಥಳ ಯಾವದೆಂದರೆ ನೀರು ಬಾರದ ಸ್ಥಳ, ನೀರು ಬಾರದ ಸ್ಥಳ ಯಾವದೆಂದರೆ ಸುರಕ್ಷಿತವಾದದ್ದು. ತರ್ಕದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯವೆಂದು ಹೆಸರು. ರಾತ್ರಿ ಎರಡು ಗಂಟೆಗೆ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತ ತಾಯಿಗೆ ಅನ್ಯೋನ್ಯಾಶ್ರಯದಿಂದ ಏನು ಪ್ರಯೋಜನ?

ಯೋಗ್ಯತೆಯೆಂದರೆ ಪದಗಳ ಅರ್ಥಗಳಿಗೆ ಪರಸ್ಪರ ಬಾಧೆಯಿಲ್ಲದಿರುವದು. ‘ಬೆಂಕಿಯಿಂದ ತೋಯಿಸು’ ಎಂಬಲ್ಲಿ ಅದಿಲ್ಲವೆಂದು ಮಕ್ಕಳಿಗೆ ಉದಾಹರಣೆ ಹೇಳುವೆವು. ನೆರೆಯ ವಿಷಯದಲ್ಲಿ ಈ ಯೋಗ್ಯತೆಯು ಬಹು ಸೂಕ್ಷ್ಮವಾಗಿದೆ. ಮಲಪ್ರಭೆಯು ಹುಟ್ಟುವದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಸಹ್ಯಾದ್ರಿಯ ಆ ಕಾಡಿನಲ್ಲಿ ಬಿದ್ದ ಮಳೆಯು ಖಾನಾಪುರ ಪಟ್ಟಣವನ್ನು ಹಾದು, ಎಂ. ಕೆ. ಹುಬ್ಬಳ್ಳಿಯನ್ನು ದಾಟಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ಬಿಟ್ಟ ಮೇಲೆ ರಾಮದುರ್ಗದ ಕಡೆಗೆ ಹೋಗುವದು. ಕಾರಣವು ಒಂದೆಡೆ, ಕಾರ್ಯವು ಮತ್ತೊಂದೆಡೆ ಇದ್ದರೆ ಆಲಂಕಾರಿಕರು ಅದನ್ನು ಅಸಂಗತಿ ಎನ್ನುವರು. ಕಾವ್ಯದಲ್ಲಿ ಅದು ಚಮತ್ಕಾರ. ಹೊಳೆಯ ದಂಡೆಯಲ್ಲಿ ಅದು ಗಂಡಾಂತರ. ರಾಮದುರ್ಗದ ರೈತನ ತಲೆಯ ಮೇಲೆ ಬಿಸಿಲಿರುವಾಗ ‘ನೆರೆ ಬರುವದು’ ಎಂದರೆ, ಮಾತು ನಿಜವಾದರೂ ಅವನಿಗೆ ಅದರಲ್ಲಿ ಯೋಗ್ಯತೆ ಕಾಣದು. ಮೇಲೆ ಕಣಕುಂಬಿಯಲ್ಲಿ ಮಳೆ ಸುರಿದಿದೆ, ಅಣೆಕಟ್ಟೆಯ ಬಾಗಿಲು ತೆರೆದಿದೆ, ಆ ನೀರು ಇಷ್ಟು ಹೊತ್ತಿಗೆ ನಿಮ್ಮಲ್ಲಿಗೆ ಬರುವದು ಎಂದು ಕಾರಣವನ್ನೂ ಕಾಲವನ್ನೂ ಕೂಡಿಸಿ ಹೇಳಿದರೆ ಮಾತ್ರ ಅವನು ನಂಬುವನು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಟ್ಟಿಗೆ ಉಕ್ಕಿ ನಮ್ಮ ಜಿಲ್ಲೆಯನ್ನು ಮುಳುಗಿಸಿದುದನ್ನು ಕಂಡವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

‘ಜಿಲ್ಲೆಯ ಅಲ್ಲಲ್ಲಿ ಭಾರಿ ಮಳೆಯಾಗುವ ಸಂಭವ’ ಎಂಬ ವಾಕ್ಯದ ದೋಷವೂ ಈ ಜಾತಿಯದೇ. ಬೆಳಗಾವಿ ಜಿಲ್ಲೆಯ ವಿಸ್ತೀರ್ಣ 13 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಖಾನಾಪುರವು ಮಲೆನಾಡು, ಅಥಣಿಯು ಬಯಲುಸೀಮೆ. ಒಂದೇ ಮಾತನ್ನು ಎರಡೂ ಕಡೆ ಸಾರಿದರೆ ಖಾನಾಪುರದವನಿಗೆ ಅದು ದಿನನಿತ್ಯದ ಸುದ್ದಿ, ಅಥಣಿಯವನಿಗೆ ನಂಬಲಾಗದ ಸುದ್ದಿ. ಹೊಸ ಯಂತ್ರಕ್ಕೆ ಬೇಕಾದಷ್ಟೇ ಪ್ರದೇಶವನ್ನು ಆಯ್ದು ಸಾರುವ ಶಕ್ತಿಯುಂಟು. ಯಂತ್ರವು ಊರನ್ನು ಗುರುತಿಸಬಲ್ಲದಾದರೆ ವಾಕ್ಯವು ಏತಕ್ಕೆ ಜಿಲ್ಲೆಯಲ್ಲಿಯೇ ನಿಲ್ಲಬೇಕು?

ಇನ್ನು ಸನ್ನಿಧಿ. ಕೂಡಬೇಕಾದ ಪದಗಳು ಹತ್ತಿರವಿರಬೇಕೆಂಬುದು ಅದರ ಅರ್ಥ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ತುದಿಗೆ ಬರುವದು. ಇಂಗ್ಲಿಷಿನ ನಾಲ್ಕು ಸಾಲಿನ ವಾಕ್ಯವನ್ನು ಹಾಗೆಯೇ ಕನ್ನಡಕ್ಕೆ ಮಗುಚಿದರೆ, ಮಾಡಬೇಕಾದ ಕೆಲಸವು ನಾಲ್ಕನೆಯ ಸಾಲಿನ ಕೊನೆಗೆ ಹೋಗಿ ಬೀಳುವದು. ಅಕ್ಷರ ಕೂಡಿಸಿ ಓದುವವನು ಅಲ್ಲಿಯವರೆಗೆ ಬರುವಷ್ಟರಲ್ಲಿ ನೀರೇ ಮೊದಲು ಬಂದೀತು. ಅಕ್ಟೋಬರದ ಪರೀಕ್ಷೆಯ ಸಂದೇಶದಲ್ಲಿಯೂ ಇದೇ ಕ್ರಮವಿತ್ತು: ಮೊದಲು ಕಳಿಸಿದ ಇಲಾಖೆ ಮತ್ತು ಕಳಿಸಿದ ಸಾಧನದ ಹೆಸರು, ಆ ಮೇಲೆ ಓದುವವನು ಏನು ಮಾಡಬೇಕೆಂಬ ಮಾತು, ಕೊನೆಗೆ ಯೋಜನೆಯ ಉದ್ದೇಶ. ಪರೀಕ್ಷೆಯಾದ್ದರಿಂದ ಹಾನಿಯಿಲ್ಲ. ಆದರೆ ನಿಜವಾದ ಆಪತ್ತಿನಲ್ಲಿ ಈ ಕ್ರಮವು ತಲೆಕೆಳಗಾಗಬೇಕು. ಬೆಂಕಿ ಬಿದ್ದ ಮನೆಯಲ್ಲಿ ಯಾರೂ ತಮ್ಮ ಗೋತ್ರಪ್ರವರ ಹೇಳಿ ಆ ಮೇಲೆ ಕೂಗುವದಿಲ್ಲ.

ತಾತ್ಪರ್ಯದ ಮಾತಿಗೆ ಬಂದರೆ, ಎಚ್ಚರಿಕೆಯ ವಾಕ್ಯದ ಜೀವಾಳವು ವಿಧಿ. ಮೀಮಾಂಸಕರು ವಿಧಿ ಮತ್ತು ಅರ್ಥವಾದಗಳನ್ನು ಬೇರೆ ಮಾಡುವರು: ಮಾಡು ಎಂಬುದು ವಿಧಿ, ಅದನ್ನು ಹೊಗಳಿ ಪುಷ್ಟಿಗೊಳಿಸುವ ಮಾತು ಅರ್ಥವಾದ. ನಮ್ಮ ಎಚ್ಚರಿಕೆಗಳಲ್ಲಿ ಹಿನ್ನೆಲೆ, ಪ್ರಮಾಣ, ಮುನ್ಸೂಚನೆಗಳೆಂಬ ಅರ್ಥವಾದವು ಹೆಚ್ಚಿ, ವಿಧಿಯು ‘ಕೋರಲಾಗಿದೆ’ ಎಂಬ ಬಡಕಲು ಶಬ್ದದಲ್ಲಿ ಉಸಿರು ಹಿಡಿದಿರುವದು. ಈ ‘ಲಾಗಿದೆ’ಯು ಕನ್ನಡದ ಆಡುಮಾತಿನಲ್ಲಿ ಇಲ್ಲ. ಯಾರು ಕೋರಿದರು? ತಿಳಿಯದು. ಕರ್ತೃವೇ ಮರೆಯಾದ ಮಾತಿಗೆ ಎದ್ದು ನಡೆಯುವವರು ಯಾರು?

ಮಮ್ಮಟನು ಕಾವ್ಯಪ್ರಯೋಜನವನ್ನು ಹೇಳುವಾಗ ಉಪದೇಶದಲ್ಲಿ ಮೂರು ಬಗೆಯನ್ನು ಕಾಣಿಸಿರುವನು: ಪ್ರಭುವಿನಂತೆ ಆಜ್ಞಾಪಿಸುವ ವೇದ, ಮಿತ್ರನಂತೆ ತಿಳಿಹೇಳುವ ಪುರಾಣೇತಿಹಾಸ, ಕಾಂತೆಯಂತೆ ಒಲಿಸುವ ಕಾವ್ಯ. ದಯವಿಟ್ಟು, ಕೋರಲಾಗಿದೆ ಎಂಬ ವಿನಯವು ಮಿತ್ರಸಮ್ಮಿತಕ್ಕೆ ಭೂಷಣ. ಹೊಳೆಯು ಹೊಸ್ತಿಲಿಗೆ ಬಂದಾಗ ಪ್ರಭುಸಮ್ಮಿತವೇ ಉಚಿತ. ಜಪಾನು ಇದನ್ನು ನೋವುಂಡು ಕಲಿಯಿತು. 2011ರ ಸುನಾಮಿಯ ತರುವಾಯ ಅಲ್ಲಿಯ ಎನ್‌ಎಚ್‌ಕೆ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆಯು, ಶಾಂತವಾಗಿ ಓದುವ ತನ್ನ ರೂಢಿಯನ್ನು ಬಿಟ್ಟು, ಗಟ್ಟಿಯಾಗಿ ಆಜ್ಞಾರೂಪದಲ್ಲಿ ಹೇಳುವ ನಿಯಮವನ್ನು ಮಾಡಿಕೊಂಡಿತು. 2024ರ ಜನವರಿ 1ರಂದು ನೋಟೋ ಪ್ರದೇಶದಲ್ಲಿ ಭೂಕಂಪವಾದಾಗ ಅದರ ವಾರ್ತಾವಾಚಕಿಯು ಈಗಲೇ ಓಡಿರೆಂದು ಕೂಗಿ ಹೇಳಿದ್ದನ್ನು ಲೋಕವೆಲ್ಲ ಕೇಳಿತು. ವಿನಯಕ್ಕೆ ಹೆಸರಾದ ಜನಾಂಗವು ಪ್ರಾಣದ ಪ್ರಶ್ನೆ ಬಂದಾಗ ವಿನಯವನ್ನು ಬದಿಗಿಟ್ಟಿತು. ಔಚಿತ್ಯವೆಂದರೆ ಇದೇ ಅಲ್ಲವೆ?

ವಾಕ್ಯದೋಷದಿಂದ ಪದದೋಷಕ್ಕೆ ಬರುವ. ಒಂದು ಶಾಸ್ತ್ರದಲ್ಲಿ ಮಾತ್ರ ಪ್ರಸಿದ್ಧವಾಗಿ ಲೋಕದಲ್ಲಿ ತಿಳಿಯದ ಶಬ್ದವನ್ನು ಬಳಸಿದರೆ ಆಲಂಕಾರಿಕರು ಅದನ್ನು ಅಪ್ರತೀತವೆಂಬ ದೋಷವಾಗಿ ಎಣಿಸುವರು. ನೆರೆಯ ಸುದ್ದಿಯಲ್ಲಿ ಬರುವ ‘ಕ್ಯೂಸೆಕ್ಸ್’ ಅದಕ್ಕೆ ತಕ್ಕ ಉದಾಹರಣೆ. ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಹರಿದರೆ ಅದು ಒಂದು ಕ್ಯೂಸೆಕ್. ಅಭಿಯಂತರಿಗೆ ಈ ಲೆಕ್ಕ ಬೇಕೇ ಬೇಕು. ದಂಡೆಯ ಮೇಲಿನ ಮನೆಯವನಿಗೆ ಬೇಕಾದದ್ದು ನೀರು ಮಾರುತಿಯ ಕಟ್ಟೆಯವರೆಗೆ ಬರುವದೋ ತನ್ನ ದನದ ಕೊಟ್ಟಿಗೆಯವರೆಗೆ ಬರುವದೋ ಎಂಬುದು. ಜಾಂಬೋಟಿಯ ಬಳಿಯ ಹಬ್ಬನಹಟ್ಟಿಯಲ್ಲಿ ಮಲಪ್ರಭೆಯ ದಡದಲ್ಲಿರುವ ಆಂಜನೇಯನ ಗುಡಿಯು ಹೊಳೆ ಏರಿದಾಗ ಮುಳುಗುವದು. ‘ಹಬ್ಬನಹಟ್ಟಿಯ ಹನಮಪ್ಪ ಮುಳುಗಿದ’ ಎಂದರೆ ಆ ಸೀಮೆಯವರಿಗೆ ಹೊಳೆಯ ಅಳತೆ ತಿಳಿಯುವಷ್ಟು ಸಾವಿರ ಕ್ಯೂಸೆಕ್ಸುಗಳಿಂದ ತಿಳಿಯದು. ‘ನದಿ ಪಾತ್ರ’ವೆಂಬ ಶಬ್ದವನ್ನು ಕೇಳಿ, ನದಿಯು ಯಾವ ನಾಟಕದಲ್ಲಿ ಪಾತ್ರ ಮಾಡಿದೆಯೆಂದು ನನ್ನ ವಿದ್ಯಾರ್ಥಿಯೊಬ್ಬನು ಒಮ್ಮೆ ಕೇಳಿದ್ದನು. ತರಗತಿ ನಕ್ಕಿತು, ತಪ್ಪು ಅವನದಾಗಿರಲಿಲ್ಲ.

ಬಣ್ಣಗಳೂ ಹೀಗೆಯೇ. ಹವಾಮಾನ ಇಲಾಖೆಯ ಸಂಕೇತದಲ್ಲಿ ಹಳದಿಯೆಂದರೆ ಗಮನವಿಡಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೆಲಸಕ್ಕೆ ಹೊರಡಿರಿ. ಸಂಕೇತವು ಸುಂದರವಾಗಿದೆ. ಆದರೆ ಸಂಕೇತವು ಒಪ್ಪಂದದಿಂದ ಬರುವದು; ಒಪ್ಪಂದವನ್ನು ಇನ್ನೊಂದು ಪಕ್ಷಕ್ಕೆ ತಿಳಿಸದಿದ್ದರೆ ಅದು ಒಪ್ಪಂದವೇ ಅಲ್ಲ. ನಮ್ಮ ಊರುಗಳಲ್ಲಿ ‘ಆರೆಂಜ್ ಅಲರ್ಟ್’ ಎಂಬುದು ಸಾಲೆಗೆ ಸೂಟಿ ಇದೆಯೋ ಇಲ್ಲವೋ ಎಂಬ ವಿಚಾರಕ್ಕೆ ಮಾತ್ರ ಉಪಯೋಗವಾಗುತ್ತಿರುವದನ್ನು ಮಕ್ಕಳಿರುವ ಮನೆಗಳವರು ಬಲ್ಲರು.

ಇಲ್ಲಿ ನನ್ನ ಪಕ್ಷದ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸಂಸ್ಕೃತಶಬ್ದಗಳ ಮೇಲೆ ನನಗೆ ಪ್ರೀತಿಯುಂಟು. ಈ ಲೇಖನವೇ ಅದಕ್ಕೆ ಸಾಕ್ಷಿ. ಶುದ್ಧ ಕನ್ನಡದಲ್ಲಿ ಸಂಸ್ಕೃತವನ್ನು ಬೆರಸುವದು ತುಪ್ಪದಲ್ಲಿ ಎಣ್ಣೆಯನ್ನು ಬೆರಸಿದಂತೆ ಎಂದು 12ನೆಯ ಶತಮಾನದಲ್ಲಿಯೇ ಮುಳುಗುಂದದ ನಯಸೇನನು ಹೇಳಿದ್ದನ್ನು ಪಾಠ ಹೇಳುತ್ತಲೇ ನಾನು ಮನಸ್ಸಿನಲ್ಲಿ ಅವನೊಡನೆ ಜಗಳವಾಡಿದವನು. ಆಪತ್ಕಾಲದ ವಾಕ್ಯದಲ್ಲಿ ನಾನು ಅವನಿಗೆ ಸೋಲುವೆನು. ಅದಕ್ಕೆ ಅಂಕಗಣಿತದ ಕಾರಣವೂ ಒಂದುಂಟು. ಸಾಮಾನ್ಯ ಎಸ್ಸೆಮ್ಮೆಸ್ಸಿನ ಒಂದು ಕಂತಿನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿದರೆ ಕನ್ನಡದ ಚಿಹ್ನೆಗಳು 70 ಮಾತ್ರ. ನಾವು ಒಂದೇ ಅಕ್ಷರವೆಂದು ಎಣಿಸುವ ‘ಸ್ತ್ರೀ’ ಎಂಬುದು ಯಂತ್ರದ ಲೆಕ್ಕದಲ್ಲಿ ಆರು ಚಿಹ್ನೆ. ‘ಸುರಕ್ಷಿತ ಸ್ಥಳಕ್ಕೆ ತೆರಳಿರಿ’ ಎಂಬುದಕ್ಕೆ ನಡುವಿನ ತೆರಪೂ ಸೇರಿ 25 ಚಿಹ್ನೆ. ‘ಗುಡ್ಡ ಹತ್ತಿರಿ’ ಎಂಬುದಕ್ಕೆ 13. ಅರ್ಧಮಾತ್ರೆ ಉಳಿದರೂ ವೈಯಾಕರಣರು ಮಗ ಹುಟ್ಟಿದಷ್ಟು ಹಿಗ್ಗುವರಂತೆ. ಇಲ್ಲಿ ಅರ್ಧಕ್ಕರ್ಧ ಉಳಿಯುತ್ತಿದೆ; ಅರ್ಥವೂ ಸ್ಪಷ್ಟವಾಗುತ್ತಿದೆ.

ಸಂಸ್ಕೃತವು ಎಲ್ಲ ದೇಶಭಾಷೆಗಳಿಗೂ ಸಾಧಾರಣವಾದ್ದರಿಂದ ಎಲ್ಲರಿಗೂ ತಿಳಿಯುವದೆಂಬ ವಾದವೊಂದುಂಟು. ನಾನೂ ಅದನ್ನು ನಂಬಿದ್ದೆ. 2024ರ ಜುಲೈ ತಿಂಗಳ ಮಳೆಯಲ್ಲಿ ಖಾನಾಪುರದಲ್ಲಿ ನಮ್ಮ ಅಣ್ಣನ ಮನೆಯಲ್ಲಿದ್ದಾಗ ಆ ನಂಬಿಕೆ ಸಡಲಿತು. ನಮ್ಮ ವೈನಿ ಮರಾಠಿ ಸಾಲೆಯಲ್ಲಿ ಕಲಿತವರು. ಕನ್ನಡವನ್ನು ಆಡಬಲ್ಲರು, ಓದಲಾರರು. ಮೊಬೈಲಿಗೆ ಬಂದ ಒಂದು ಎಚ್ಚರಿಕೆಯನ್ನು ಮೊಮ್ಮಗನು ಓದಿ ಹೇಳಿದನು. ಅದರಲ್ಲಿ ‘ಪ್ರವಾಹ’ವೆಂಬ ಶಬ್ದವಿತ್ತು. ವೈನಿ, “ಹೊಳಿಗೆ ಪ್ರವಾಹ ಇರೂದ ಅಲ್ಲೇನೋ? ಅದರಾಗ ಹೇಳೂದೇನೈತಿ?” ಎಂದು ಒಲೆಯ ಕಡೆಗೆ ಹೋದರು. ಮರಾಠಿಯಲ್ಲಿ ಪ್ರವಾಹವೆಂದರೆ ಬರಿಯ ಹರಿವು. ಸಂಸ್ಕೃತದ ಮೂಲಾರ್ಥವೂ ಅದೇ. ನೆರೆಗೆ ಮರಾಠಿಯವರು ‘ಪೂರ’ ಎನ್ನುವರು. ಕನ್ನಡದ ಹಳ್ಳಿಯವರು ‘ಹೊಳಿ ಬಂತು’ ಎನ್ನುವರು. ಎಲ್ಲರಿಗೂ ತಿಳಿಯುವದೆಂದು ಆಯ್ದ ಶಬ್ದವು ನಮ್ಮ ಮನೆಯ ಅಡಿಗೆಯ ಕೋಣೆಯಲ್ಲಿಯೇ ಸೋತಿತು.

ಆದ್ದರಿಂದ ಒಂದು ಮಾತನ್ನು ಅಳುಕಿನಿಂದಲೇ ಹೇಳುವೆನು. ಗಡಿನಾಡಿನಲ್ಲಿ ಭಾಷೆಯ ವಿಷಯವೆಂದರೆ ಇಬ್ಬದಿಯಲ್ಲಿಯೂ ಹುಬ್ಬುಗಳು ಏರುವವು. ನಾನು ಕನ್ನಡದ ಮೇಷ್ಟರಾಗಿ ಉಪ್ಪು ತಿಂದವನು. ಕನ್ನಡದ ಹಕ್ಕಿನಲ್ಲಿ ನನಗೆ ಸಂಶಯವಿಲ್ಲ. ಆದರೆ ಖಾನಾಪುರ ತಾಲೂಕಿಗೆ ಹೋಗುವ ಆಪತ್ತಿನ ಸುದ್ದಿಯು ಕನ್ನಡದ ಬೆನ್ನಿಗೆ ಮರಾಠಿಯಲ್ಲಿಯೂ ಹೋಗತಕ್ಕದ್ದು. ಮುಳುಗುವವನ ಕೈ ಹಿಡಿಯುವ ಮುಂಚೆ ಅವನ ಮಾತೃಭಾಷೆಯನ್ನು ಯಾರೂ ಕೇಳುವದಿಲ್ಲ. ಕನ್ನಡದ ಮಾತೇ ನಮ್ಮ ವೈನಿಯನ್ನು ಉಳಿಸಬೇಕೆಂಬ ಹಟಕ್ಕಿಂತ ನಮ್ಮ ವೈನಿ ಉಳಿಯುವದು ಮುಖ್ಯವೆಂದು ನನ್ನ ಅಭಿಪ್ರಾಯ.

ಈಗ ಆ ಹೆಣ್ಣುಮಗಳ ಪ್ರಶ್ನೆಗೆ ಬರುವೆನು. ಶಬ್ದದ ಅರ್ಥವನ್ನು ಮಗುವು ಹೇಗೆ ಕಲಿಯುವದೆಂಬುದಕ್ಕೆ ಶಾಸ್ತ್ರದಲ್ಲಿ ವೃದ್ಧವ್ಯವಹಾರವೆಂಬ ಸುಂದರವಾದ ವಿವರಣೆಯಿದೆ. ಹಿರಿಯನು ‘ಆಕಳನ್ನು ತಾ’ ಎನ್ನುವನು. ಮತ್ತೊಬ್ಬನು ಎದ್ದು ಆಕಳನ್ನು ತರುವನು. ಬದಿಯಲ್ಲಿ ಕುಳಿತ ಮಗುವು ಮಾತನ್ನೂ ಕೆಲಸವನ್ನೂ ಒಟ್ಟಿಗೆ ಕಂಡು ಅರ್ಥವನ್ನು ಕಟ್ಟಿಕೊಳ್ಳುವದು. ಮಾತಿನ ಹಿಂದೆ ಕೆಲಸ ಕಂಡದ್ದರಿಂದಲೇ ಮಾತು ತಿಳಿಯಿತು. ಅಕ್ಟೋಬರ 12ರಂದು ನಾವೆಲ್ಲರೂ ಆ ಮಗುವಿನ ಸ್ಥಾನದಲ್ಲಿದ್ದೆವು. ಹೊಸದೊಂದು ಧ್ವನಿ ಕೇಳಿಬಂತು. ಅದರೊಡನೆ ಬಂದ ಮಾತು, ಇದನ್ನು ಲೆಕ್ಕಿಸಬೇಡಿರಿ, ನಿಮ್ಮಿಂದ ಆಗಬೇಕಾದದ್ದು ಏನೂ ಇಲ್ಲ ಎಂಬರ್ಥದ್ದು. ಯಾರೂ ಏಳಲಿಲ್ಲ, ಯಾರೂ ನಡೆಯಲಿಲ್ಲ. ಹಾಗಾದರೆ ನಾವು ಕಲಿತ ಅರ್ಥವೇನು? ಈ ಧ್ವನಿ ಬಂದರೆ ಸುಮ್ಮನಿರಬೇಕು ಎಂಬುದೇ. ಹೊಯ್ಕೊಳ್ಳುವದೇಕೆ ಎಂದು ಆಕೆ ಕೇಳಿದ್ದು ಸರಿಯಾಗಿತ್ತು. ಕೂಗಿಗೂ ಕೆಲಸಕ್ಕೂ ನಂಟು ಕಾಣದಿದ್ದರೆ ಕೂಗು ಬರಿಯ ಸದ್ದಾಗುವದು.

ಯಂತ್ರವನ್ನು ಪರೀಕ್ಷಿಸದೆ ನಂಬಬಾರದು. ಆದ್ದರಿಂದ ಪರೀಕ್ಷೆಯನ್ನು ನಾನು ನಿಂದಿಸಲಾರೆ. ಎಚ್ಚರಿಕೆಯಿಲ್ಲದ ಯಂತ್ರವು ಏನು ಮಾಡಬಲ್ಲದೆಂಬುದನ್ನೂ ಲೋಕವು ಕಂಡಿದೆ. 2018ರ ಜನವರಿ 13ರ ಬೆಳಿಗ್ಗೆ ಅಮೇರಿಕದ ಹವಾಯಿ ದ್ವೀಪಗಳ ಮೊಬೈಲುಗಳಿಗೆ ಕ್ಷಿಪಣಿ ಬರುತ್ತಿದೆಯೆಂಬ ಸುಳ್ಳು ಎಚ್ಚರಿಕೆ ಹೋಗಿ, ಅದು ತಪ್ಪೆಂದು ಮೊಬೈಲುಗಳಿಗೆ ತಿದ್ದುಪಡಿ ಬರುವದಕ್ಕೆ 38 ನಿಮಿಷ ಹಿಡಿಯಿತು. ಅಷ್ಟು ಹೊತ್ತು ಜನರು ಮಕ್ಕಳನ್ನು ತಬ್ಬಿಕೊಂಡು ಕುಳಿತಿದ್ದರು. ಆದರೆ ಪರೀಕ್ಷೆಯಲ್ಲಿಯೂ ಕೆಲಸವೊಂದನ್ನು ಹೇಳಬಹುದಲ್ಲವೆ? ‘ಇದು ಅಭ್ಯಾಸ. ಈ ಕೂಗು ಕೇಳಿದರೆ ಮನೆಯವರೆಲ್ಲರೂ ಅಂಗಳಕ್ಕೆ ಬನ್ನಿರಿ’ ಎಂದು ಹೇಳಿದ್ದರೆ, ಬಂದವರು ನಗುತ್ತ ಬಂದಿದ್ದರೂ ಕೂಗಿಗೂ ಕಾಲಿಗೂ ನಂಟು ಬೀಳುತ್ತಿತ್ತು. ಸಾಲೆಯ ಗಂಟೆಯ ಅರ್ಥವನ್ನು ನಾವು ಮಕ್ಕಳಿಗೆ ವ್ಯಾಖ್ಯಾನ ಮಾಡಿ ಕಲಿಸಿದ್ದಲ್ಲ. ಗಂಟೆ ಬಾರಿಸಿ, ಸಾಲು ನಿಲ್ಲಿಸಿ ಕಲಿಸಿದ್ದು.

ಈ ಯಂತ್ರದ ಮಿತಿಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುವೆನು. ಗೋಪುರಕ್ಕೆ ವಿದ್ಯುತ್ತು ಬೇಕು. ಬಿರುಮಳೆಯಲ್ಲಿ ಮೊದಲು ಹೋಗುವದು ಅದೇ. ಭೀಮಗಡದ ಕಾಡಿನೊಳಗಿನ ಊರುಗಳಲ್ಲಿ ಮೊಬೈಲಿನ ಸಂಪರ್ಕವು ದುರ್ಲಭ. ಆದ್ದರಿಂದ ಹೊಸ ಡಂಗುರ ಬಂತೆಂದು ಹಳೆಯ ಗಂಟೆಯನ್ನು ಇಳಿಸತಕ್ಕದ್ದಲ್ಲ.

ದೋಷ ಹೇಳುವವನು ತಾನೊಂದು ಪದ್ಯ ಕಟ್ಟಿ ತೋರಿಸಲೆಂದು ಕವಿಗಳು ವಿಮರ್ಶಕನನ್ನು ಕೆಣಕುವದುಂಟು. ಆ ಸವಾಲನ್ನು ನಾನೇ ನನಗೆ ಹಾಕಿಕೊಂಡು ಒಂದು ವಾಕ್ಯವನ್ನು ಬರೆದೆನು:

“ಮಲಪ್ರಭಾ ಹೊಳೆ ಬರುತ್ತಿದೆ. ಸಂಜೆ 6ಕ್ಕೆ ನಿಮ್ಮ ಊರಿಗೆ ನೀರು ಬರುವದು. ಈಗಲೇ ದನ ಬಿಚ್ಚಿರಿ. ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಎತ್ತರದ ಜಾಗಕ್ಕೆ ಹೋಗಿರಿ. ಸೇತುವೆ ದಾಟಬೇಡಿರಿ. ಇಂತಿ ತಹಶೀಲ್ದಾರರು.”

ಕಾರಣವಿದೆ, ಕಾಲವಿದೆ, ವಿಧಿಯಿದೆ, ನಿಷೇಧವಿದೆ. ಕರ್ತೃವು ಕೊನೆಯಲ್ಲಿ, ತನಗೆ ತಕ್ಕ ಜಾಗದಲ್ಲಿ ಇದ್ದಾನೆ. ನನಗೆ ಸಮಾಧಾನವಾಯಿತು. ಭಾಂಡೆ ತಿಕ್ಕುವ ಆ ಹೆಣ್ಣುಮಗಳ ತವರು ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಆಕೆಯನ್ನು ಕರೆದು ಇದನ್ನು ಓದಿ ಹೇಳಿದೆನು. ಆಕೆ ಕೇಳಿ, “ಎಲ್ಲಾ ತಿಳೀತ್ರಿ. ಎತ್ತರದ ಜಾಗಾ ಅಂದ್ರ ಯಾವದ್ರಿ? ನಮ್ಮೂರಾಗ ಸಾಲಿ ಎತ್ತರದಾಗ ಐತಂತ ಎಲ್ಲಾರೂ ಸಾಲಿಗೆ ಹೋದ್ವಿ. ಆ ವರ್ಷ ಸಾಲಿಗೂ ನೀರ ಬಂತ್ರಿ” ಎಂದಳು.

ಅನ್ಯೋನ್ಯಾಶ್ರಯವೆಂದು ಪರರ ವಾಕ್ಯದಲ್ಲಿ ಎತ್ತಿ ತೋರಿಸಿದ ದೋಷವನ್ನು ನಾನು ನನ್ನ ವಾಕ್ಯದಲ್ಲಿಯೇ ಬಿಟ್ಟಿದ್ದೆನು. ‘ಸುರಕ್ಷಿತ ಸ್ಥಳ’ವನ್ನು ‘ಎತ್ತರದ ಜಾಗ’ವೆಂದು ಅಚ್ಚಗನ್ನಡಕ್ಕೆ ತಿರುಗಿಸಿದ್ದೆನೇ ಹೊರತು ಅದು ಯಾವದೆಂದು ಹೇಳಿರಲಿಲ್ಲ. ಹೇಳುವದು ನನಗೆ ಸಾಧ್ಯವೂ ಇರಲಿಲ್ಲ; ಆಕೆಯ ಊರಿನ ಯಾವ ಗುಡಿಯ ಮೆಟ್ಟಿಲಿಗೆ ನೀರು ಬರುವದಿಲ್ಲವೆಂಬುದು ಶಹಾಪುರದಲ್ಲಿ ಕುಳಿತ ನನಗೆ ತಿಳಿಯದು. ದಿಲ್ಲಿಯಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತು ವಾಕ್ಯ ರಚಿಸುವವರಿಗೆ ತಿಳಿಯದಿದ್ದರೆ ಅವರನ್ನು ಮಾತ್ರ ಹಳಿದು ಫಲವೇನು? ಆ ಒಂದು ಪದವು ಊರಿನಿಂದಲೇ ಬರಬೇಕು.

ಅದಕ್ಕಾಗಿ ನಮ್ಮ ಸಂಘದ ಸದಸ್ಯರಲ್ಲಿ ನನ್ನದೊಂದು ವಿಜ್ಞಾಪನೆ. ನಾವು ಹಳ್ಳಿಗಳಿಗೆ ಹೋಗಿ ಗಾದೆಗಳನ್ನೂ ಹಂತಿಯ ಹಾಡುಗಳನ್ನೂ ಕೂಡಿಸಿದವರು. ಈ ಬೇಸಗೆಯಲ್ಲಿ ಇನ್ನೊಂದು ಸಂಗ್ರಹವನ್ನು ಮಾಡೋಣ. ಮಲಪ್ರಭೆ, ಘಟಪ್ರಭೆ, ಮಾರ್ಕಂಡೇಯಗಳ ದಂಡೆಯ ಒಂದೊಂದು ಊರಿನಲ್ಲಿ ಹಿರಿಯರನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು ಕಂಡು ನಾಲ್ಕು ಮಾತು ಕೇಳೋಣ: 2019ರಲ್ಲಿ ನೀರು ಎಲ್ಲಿಯವರೆಗೆ ಬಂತು? ಎಲ್ಲಿಗೆ ಬರಲಿಲ್ಲ? ಆ ಜಾಗಕ್ಕೆ ನಿಮ್ಮ ಬಾಯಲ್ಲಿ ಏನು ಹೆಸರು? ಅಲ್ಲಿಗೆ ಹೋಗುವ ದಾರಿ ಯಾವದು? ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿ, ಮರಾಠಿಯಲ್ಲಿ ಹೇಳಿದರೆ ಮರಾಠಿಯಲ್ಲಿ ಬರೆದುಕೊಳ್ಳೋಣ. ಆ ಪಟ್ಟಿಯನ್ನು ತಾಲೂಕಿನ ಕಚೇರಿಗೆ ಒಪ್ಪಿಸೋಣ. ಒಂದೊಂದು ಊರಿಗೆ ಒಂದೊಂದು ಪದ ಸಾಕು. ನನ್ನ ವಾಕ್ಯದಲ್ಲಿ ‘ಎತ್ತರದ ಜಾಗ’ ಎಂದಿರುವಲ್ಲಿ ಆ ಪದಕ್ಕಾಗಿ ತೆರಪು ಬಿಟ್ಟಿರುವೆನು. ಆಕೆಯ ಊರಿನದನ್ನು ಆಕೆಯೇ ಹೇಳಿ, ನಾನು ಬರೆದುಕೊಂಡದ್ದಾಗಿದೆ.